ಮದುವೆಯ 6,000 ಫೋಟೋದಲ್ಲಿ ಚೆನ್ನಾಗಿರೋದನ್ನ ಸಾಫ್ಟ್‌ವೇರ್ ಕೈಲಿ ಆರಿಸಬಹುದಾ?

ಅಕ್ಕನ ಮದುವೆಗೆ ನೀವೇ ಕ್ಯಾಮೆರಾ ಹಿಡಿದಿದ್ದೀರಿ, 6,000 ಫೋಟೋ ಆಗಿದೆ, ಆಲ್ಬಮ್‌ಗೆ ಬೇಕಾದ 300 ಆರಿಸಿಕೊಡೋ ಎಐ ಸಾಫ್ಟ್‌ವೇರ್ ಯಾವುದು ಅಂತ ಕೇಳಿದ್ದೀರಿ. ಹೆಸರು ಆಮೇಲೆ ಹೇಳ್ತೀನಿ. ಮೆಮೊರಿ ಕಾರ್ಡ್ ಇನ್ನೂ ಫಾರ್ಮ್ಯಾಟ್ ಮಾಡಿಲ್ಲ ತಾನೇ? ಮಾಡಬೇಡಿ.

ನಾನು ತುಮಕೂರು ಕಡೆ ಮದುವೆ, ನಾಮಕರಣ, ಗೃಹಪ್ರವೇಶಕ್ಕೆ ಫೋಟೋ ತೆಗೆಯೋನು. ನನಗೆ ಕೆಲಸ ಕಲಿಸಿದವರು ಫಿಲ್ಮ್ ರೀಲ್ ಕಾಲದವರು. ರೋಲಿಗೆ 36 ಫ್ರೇಮ್, ಹಾಗಾಗಿ ಅವರ ಸೆಲೆಕ್ಷನ್ ಕ್ಲಿಕ್ ಮಾಡೋ ಮುಂಚೆಯೇ ಮುಗಿದಿರ್ತಿತ್ತು. ನಾನೋ, ಬಟನ್ ಒತ್ತಿ ಹಿಡಿದು ಸೆಕೆಂಡಿಗೆ ಹತ್ತು ಹೊಡೆಯೋನು. ಸೀಸನ್‌ನಲ್ಲಿ ಒಂದು ಮದುವೆಯ ಸೆಲೆಕ್ಷನ್ ಮುಗಿಯೋದರೊಳಗೆ ಇನ್ನೊಂದು ಬಂದು ಕೂತಿರ್ತಿತ್ತು. ಎಐ ಸಾಫ್ಟ್‌ವೇರ್ ಸಿಕ್ಕಾಗ ದೇವರೇ ಬಂದ ಅಂದುಕೊಂಡೆ. ಒಂದೆರಡು ಮದುವೆಗೆ ಹಾಕಿ ನೋಡಿದೆ, ಅಲುಗಾಡಿದ್ದು, ಕಣ್ಣು ಮುಚ್ಚಿದ್ದು, ಒಂದೇ ಥರದ ಹತ್ತು, ಎಲ್ಲ ಅಚ್ಚುಕಟ್ಟಾಗಿ ಬೇರೆ ಮಾಡ್ತು. ಆಮೇಲೆ ರಿಜೆಕ್ಟ್ ಆದದ್ದನ್ನ ತೆರೆದು ನೋಡೋದನ್ನೇ ಬಿಟ್ಟೆ.

ಆಮೇಲೆ ಪರಿಚಯದವರೊಬ್ಬರ ಮಗಳ ಮದುವೆ. ಮುಹೂರ್ತ ಮುಗಿಸಿ ಮನೆಗೆ ಬಂದವನು ಕಣ್ಣು ಮುಚ್ಚಿದ್ದಕ್ಕೆ ಇರೋ ಸೆಟ್ಟಿಂಗನ್ನ ಪೂರ್ತಿ ಬಿಗಿ ಮಾಡಿ ಎಲ್ಲ ಅದಕ್ಕೆ ಒಪ್ಪಿಸಿದೆ. ಬೆಳಿಗ್ಗೆ ಬೇರೆ ಊರಲ್ಲಿ ಗೃಹಪ್ರವೇಶ, ಹಾರ್ಡ್‌ಡಿಸ್ಕ್ ತುಂಬಿತ್ತು. ಸೆಲೆಕ್ಟ್ ಆದದ್ದನ್ನ ಮೇಲಿಂದ ಕೆಳಗೆ ಒಂದು ಸಲ ಜಾರಿಸಿ ನೋಡಿ, ರಿಜೆಕ್ಟ್ ಆದ ಅಷ್ಟನ್ನೂ ಅಳಿಸಿದೆ. ರೀಸೈಕಲ್ ಬಿನ್ ಖಾಲಿ ಮಾಡಿದೆ. ಕಾರ್ಡ್ ಫಾರ್ಮ್ಯಾಟ್ ಮಾಡಿ ಕ್ಯಾಮೆರಾಕ್ಕೆ ಹಾಕಿ ಮಲಗಿದೆ.

ಸ್ವಲ್ಪ ದಿನ ಬಿಟ್ಟು ಹುಡುಗಿ ತಂದೆ ಫೋನ್ ಮಾಡಿದ್ರು. "ಧಾರೆದು ಒಂದೂ ಇಲ್ವಲ್ಲಪ್ಪ?"

ಧಾರೆ ಎರೆಯೋದನ್ನ ಒಮ್ಮೆ ನೆನಪಿಸಿಕೊಳ್ಳಿ. ತಂದೆ, ತಾಯಿ, ಹುಡುಗಿ, ಹುಡುಗ, ಪುರೋಹಿತರು, ಎಲ್ಲರ ಕಣ್ಣೂ ತೆಂಗಿನಕಾಯಿ ಹಿಡಿದ ಕೈ ಮೇಲೆ, ಬೀಳ್ತಾ ಇರೋ ನೀರಿನ ಮೇಲೆ. ಎದುರಿಂದ ತೆಗೆದರೆ ಎಲ್ಲರ ರೆಪ್ಪೆಯೂ ಇಳಿದಿರುತ್ತೆ. ಸಾಫ್ಟ್‌ವೇರ್‌ಗೆ ಅದು ಐದು ಜನ ಒಟ್ಟಿಗೆ ಕಣ್ಣು ಮುಚ್ಚಿದ ಕೆಟ್ಟ ಫೋಟೋ. ಜೀರಿಗೆ ಬೆಲ್ಲ ಹಾಕುವಾಗ ಎತ್ತಿದ ಕೈ ಮುಖಕ್ಕೆ ಅಡ್ಡ ಬರುತ್ತೆ, ಅದಕ್ಕೂ ಅಂಕ ಕಮ್ಮಿ. ತಾಳಿ ಕಟ್ಟುವಾಗ ತಾಯಿ ಕಣ್ಣು ಮುಚ್ಚಿ ಕೈ ಮುಗಿದಿದ್ದರು, ಅದೂ ಹೋಯ್ತು. ಉಳಿದಿದ್ದು ಏನು ಗೊತ್ತಾ? ಆರತಕ್ಷತೆಯಲ್ಲಿ ಸಾಲಾಗಿ ನಿಂತು ಹಲ್ಲು ಬಿಟ್ಟವರ ಗ್ರೂಪ್ ಫೋಟೋಗಳು, ಒಂದಕ್ಕಿಂತ ಒಂದು ಶಾರ್ಪ್. ಸಾಫ್ಟ್‌ವೇರ್ ಸುಳ್ಳು ಹೇಳಲಿಲ್ಲ, ನಾನು ಕೇಳಿದ್ದನ್ನೇ ಮಾಡಿತ್ತು.

ಫಾರ್ಮ್ಯಾಟ್ ಮಾಡಿದ ಕಾರ್ಡಿನಿಂದ ಫೋಟೋರೆಕ್ ಥರದ ಉಚಿತ ಪ್ರೋಗ್ರಾಂ ಹಾಕಿ ಎಷ್ಟೋ ಸಲ ಎಲ್ಲ ವಾಪಸ್ ತೆಗೀಬಹುದು, ಆದರೆ ಅದರ ಮೇಲೆ ಹೊಸದು ಬರೆದಿರಬಾರದು. ನಾನು ಅದರ ಮೇಲೆ ಇಡೀ ಗೃಹಪ್ರವೇಶ ಬರೆದಿದ್ದೆ. ಕೊನೆಗೆ ವಿಡಿಯೋದವನ ಹತ್ತಿರ ಹೋಗಿ ಫುಲ್ ಎಚ್‌ಡಿ ವಿಡಿಯೋದಿಂದ ಒಂದು ಫ್ರೇಮ್ ಕಿತ್ತೆ. ಅಗಲ 1,920 ಪಿಕ್ಸೆಲ್, 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ ಪ್ರಿಂಟ್ ಹಾಕಿದರೆ ಆರೂವರೆ ಇಂಚೂ ಬರಲ್ಲ. 12x36 ಇಂಚಿನ ಕರಿಜ್ಮಾ ಆಲ್ಬಮ್ ಶೀಟಿನ ಒಂದು ಮೂಲೆಯಲ್ಲಿ ಧಾರೆ, ಸುತ್ತ ಹೂವಿನ ಡಿಸೈನ್. ಬಾಕಿ ದುಡ್ಡು ಕೇಳೋ ಮುಖ ನನಗಿರಲಿಲ್ಲ, ಅವರೂ ಕೊಡಲಿಲ್ಲ. ಅವರ ಎರಡನೇ ಮಗಳ ಮದುವೆಗೆ ಬೇರೆ ಸ್ಟುಡಿಯೋದವರು ಬಂದ್ರು.

ಹಾಗಾಗಿ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆ ಇಲ್ಲ. ಮದುವೆ ಆಲ್ಬಮ್‌ಗೆ ಬೇಕಿರೋದು ಚೆನ್ನಾಗಿರೋ 300 ಅಲ್ಲ. ಹುಡುಗಿಯನ್ನ ಮಂಟಪಕ್ಕೆ ಕರೆತಂದ ಸೋದರಮಾವನ ಫೋಟೋ ಸ್ವಲ್ಪ ಮಸುಕಾಗಿದ್ದರೂ ಇರಲೇಬೇಕು, ಇಲ್ಲದಿದ್ದರೆ ನಿಮ್ಮ ಮನೆಯಲ್ಲಿ ಹತ್ತು ವರ್ಷ ಮಾತು ಕೇಳ್ಬೇಕಾಗುತ್ತೆ. ಸೋದರಮಾವ ಯಾರು ಅಂತ ಯಾವ ಸಾಫ್ಟ್‌ವೇರ್‌ಗೂ ಗೊತ್ತಿಲ್ಲ. ನಿಮಗೆ ಗೊತ್ತು, ಅದೂ ನಿಮ್ಮ ಸ್ವಂತ ಅಕ್ಕನ ಮದುವೆ. ದುಡ್ಡಿಗೆ ತೆಗೆಯೋ ನನಗಿಂತ ನಿಮಗೇ ಸುಲಭ.

ಲೆಕ್ಕ ಹಾಕಿ: ಒಂದಕ್ಕೆ ಎರಡು ಸೆಕೆಂಡ್ ಅಂದರೂ 6,000ಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷ. ಇಷ್ಟಕ್ಕೆ ಎಐ ಯಾಕೆ? ನಿಜವಾಗಿ ಹೊತ್ತು ತಿನ್ನೋದು ಒಂದೊಂದು ರಾ ಫೈಲೂ (ಕ್ಯಾಮೆರಾ ಹಿಡಿದದ್ದನ್ನ ಏನೂ ತಿದ್ದದೆ ಹಾಗೇ ಇಡೋ ದೊಡ್ಡ ಫೈಲ್) ತೆರೆದುಕೊಳ್ಳೋವರೆಗೆ ಕಾಯೋದು. ಅದಕ್ಕೆ ಫೋಟೋ ಮೆಕ್ಯಾನಿಕ್ ಅನ್ನೋ ಸಾಫ್ಟ್‌ವೇರ್ ಚೆನ್ನಾಗಿದೆ. ರಾ ಫೈಲ್ ಒಳಗೆ ಕ್ಯಾಮೆರಾನೇ ಸೇರಿಸಿರೋ ಸಿದ್ಧ ಜೆಪೆಗ್ ಫೋಟೋನ ತೋರಿಸುತ್ತೆ, ಹಾಗಾಗಿ ಬೇಗ. ಆದರೆ ದುಡ್ಡು ಕೊಡಬೇಕು, ಒಂದು ಮದುವೆಗೆ ನಾನಂತೂ ಕೊಳ್ಳಿ ಅನ್ನಲ್ಲ. ಲೈಟ್‌ರೂಮ್ ಕ್ಲಾಸಿಕ್ ಇದ್ದರೆ ಇಂಪೋರ್ಟ್ ಮಾಡುವಾಗ 'ಎಂಬೆಡೆಡ್ ಅಂಡ್ ಸೈಡ್‌ಕಾರ್' ಪ್ರಿವ್ಯೂ ಆರಿಸಿ. ಕ್ಯಾಪ್ಸ್ ಲಾಕ್ ಹಾಕಿಕೊಂಡು 'ಪಿ' ಒತ್ತಿದರೆ ಬೇಕು, 'ಎಕ್ಸ್' ಒತ್ತಿದರೆ ಬೇಡ, ಅದೇ ಮುಂದಿನ ಫೋಟೋಗೆ ಹೋಗುತ್ತೆ. ಏನೂ ಖರ್ಚು ಬೇಡ ಅಂದರೆ ಡಿಜಿಕ್ಯಾಮ್ ಅನ್ನೋ ಸಾಫ್ಟ್‌ವೇರ್ ಪೂರ್ತಿ ಉಚಿತ. ಮಸುಕು, ಬೆಳಕು ನೋಡಿ ಗುರುತು ಹಾಕೋ ಸೌಲಭ್ಯವೂ ಅದರಲ್ಲಿದೆ. ಹಾಕಿಸಿ ಬೇಕಾದರೆ, ಆದರೆ ಗುರುತು ಮಾತ್ರ, ಅಳಿಸೋಕೆ ಬಿಡಬೇಡಿ.

ಎಐ ಬೇಕೇ ಬೇಕು ಅನ್ನೋ ಹಟ ಇದ್ದರೆ ಎರಡು ಕೆಲಸಕ್ಕೆ ಇಟ್ಟುಕೊಳ್ಳಿ. ಒಂದೇ ಥರದ್ದನ್ನ ಗುಂಪು ಮಾಡೋಕೆ, ಆಮೇಲೆ ಮುಖ ಗುರುತಿಸೋಕೆ. ಮುಖದ ಗುರುತು ಯಾಕೆ ಅಂದರೆ, ಆರಿಸಿದ 300ರಲ್ಲಿ ಯಾವ ಚಿಕ್ಕಮ್ಮ ಬಿಟ್ಟುಹೋದರು ಅನ್ನೋದು ಅಲ್ಲಿ ತಕ್ಷಣ ಕಾಣುತ್ತೆ. ಶಾಸ್ತ್ರದ ಫೋಟೋಗಳನ್ನ ಮಾತ್ರ ಬೇರೆ ಫೋಲ್ಡರ್‌ಗೆ ಹಾಕಿ, ಅಮ್ಮನನ್ನ ಪಕ್ಕದಲ್ಲಿ ಕೂರಿಸಿಕೊಂಡು ನೋಡಿ. ಆಲ್ಬಮ್ ಪ್ರಿಂಟ್ ಆಗಿ ಮನೆಗೆ ಬರೋವರೆಗೆ ಒಂದು ಫೈಲೂ ಅಳಿಸಬೇಡಿ. ಜಾಗ ಸಾಲದಿದ್ದರೆ ಇನ್ನೊಂದು ಹಾರ್ಡ್‌ಡಿಸ್ಕ್ ತನ್ನಿ, ಅದು ಆಲ್ಬಮ್‌ಗಿಂತ ಅಗ್ಗ.