ಕೋರ್‌ಗಳ ಲೆಕ್ಕ ಆಮೇಲೆ, ಮೊದಲು ತಗಡಿನ ಲೆಕ್ಕ

ನಮಸ್ಕಾರ.

ನೀವು ಕಳಿಸಿದ 'ಸಾವಿರ ಕೋರ್‌ಗಳ ಬಲ' ಲೇಖನವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ಮನಾಗುವ ಮನಸ್ಸೂ ಇಲ್ಲ. ಲಕ್ಷ, ಕೋಟಿ ಸಮೀಕರಣಗಳನ್ನು ನೂರಾರು ಪ್ರೊಸೆಸರ್‌ಗಳು ಸೇರಿ ಬಿಡಿಸುವುದರ ಬಗ್ಗೆ ಕನ್ನಡದಲ್ಲಿ ಬರೆಯುವವರು ತೀರಾ ಕಡಿಮೆ. ನೀವು ಆ ಕೆಲಸವನ್ನೇ ದಿನಾ ಮಾಡುವವರು. ಹಾಗಾಗಿ ಅನ್ನಿಸಿದ್ದನ್ನು ನೇರವಾಗಿ ಬರೆಯುತ್ತಿದ್ದೇನೆ.

ನನ್ನ ದೊಡ್ಡ ತಕರಾರು ಒಂದೇ. ಕೋರ್‌ಗಳು, ಅಂದರೆ ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕಗಳು, ಎಷ್ಟಿವೆ ಅಂತ ನೀವು ಪುಟಪುಟದಲ್ಲೂ ಹೇಳುತ್ತೀರಿ. ಆ ಕೋರ್‌ಗಳು ಒಂದನ್ನೊಂದು ಏನು ಕೇಳುತ್ತವೆ, ಯಾವುದಕ್ಕಾಗಿ ಕಾಯುತ್ತವೆ ಅನ್ನುವುದನ್ನು ಎಲ್ಲೂ ಹೇಳಿಲ್ಲ. ಈ ವಿಷಯದ ಜೀವ ಇರುವುದೇ ಅಲ್ಲಿ.

ಮೊದಲ ಎರಡು ಪುಟ ಮ್ಯಾಟ್ರಿಕ್ಸ್ ಅಂದರೇನು ಅನ್ನುವ ವಿವರಣೆಗೇ ಹೋಗಿದೆ. ಅದನ್ನು ತೆಗೆದುಬಿಡಿ. ಮೂರನೇ ಪುಟದಲ್ಲಿ ಒಂದೇ ವಾಕ್ಯದಲ್ಲಿ ಬಂದು ಹೋಗುವ ಬಿಸಿ ತಗಡು ಇದೆಯಲ್ಲ, ಅಲ್ಲಿಂದ ಶುರು ಮಾಡಿ. ಒಂದು ಚೌಕ ತಗಡು. ಅಂಚುಗಳ ಬಿಸಿ ಗೊತ್ತಿದೆ, ಒಳಗೆ ಎಲ್ಲೆಲ್ಲಿ ಎಷ್ಟು ಬಿಸಿ ಅಂತ ಕಂಡುಹಿಡಿಯಬೇಕು. ಒಳಗೆ ಉದ್ದಕ್ಕೆ 1000, ಅಗಲಕ್ಕೆ 1000 ಬಿಂದುಗಳನ್ನಿಟ್ಟರೆ 10 ಲಕ್ಷ ಬಿಂದುಗಳಾದವು. ಕಾವು ಒಂದು ಹದಕ್ಕೆ ಬಂದು ನಿಂತ ಮೇಲೆ, ಪ್ರತಿ ಬಿಂದುವಿನ ಬಿಸಿ ಅಂದರೆ ಅದರ ನಾಲ್ಕು ನೆರೆಬಿಂದುಗಳ ಬಿಸಿಯ ಸರಾಸರಿ. ಬಿಂದುವಿಗೊಂದು ಸಮೀಕರಣ, ಒಟ್ಟು 10 ಲಕ್ಷ ಸಮೀಕರಣ. ಹೈಸ್ಕೂಲ್ ಗಣಿತ ಗೊತ್ತಿರುವ ಯಾರಿಗಾದರೂ ಇಷ್ಟು ಅರ್ಥವಾಗುತ್ತದೆ.

ಈಗ ಮ್ಯಾಟ್ರಿಕ್ಸ್ ತನ್ನಿ. ಸಮೀಕರಣಕ್ಕೊಂದರಂತೆ 10 ಲಕ್ಷ ಸಾಲು, ಬಿಂದುವಿಗೊಂದರಂತೆ 10 ಲಕ್ಷ ಕಾಲಂ. ಅಂದರೆ ಒಂದು ಲಕ್ಷ ಕೋಟಿ ಮನೆಗಳು. ಒಂದೊಂದಕ್ಕೆ 8 ಬೈಟ್ ಹಿಡಿದರೆ 8 ಟೆರಾಬೈಟ್ ಬೇಕು. ಆದರೆ ಒಂದು ಸಾಲಿನಲ್ಲಿ ಸೊನ್ನೆಯಲ್ಲದ ಸಂಖ್ಯೆಗಳು ಹೆಚ್ಚೆಂದರೆ ಐದು: ತಾನು, ಮತ್ತು ನಾಲ್ಕು ನೆರೆಯವರು. ಒಟ್ಟು ಲೆಕ್ಕ ಹಾಕಿದರೆ 49 ಲಕ್ಷ 96 ಸಾವಿರ. ಅವುಗಳನ್ನು ಮಾತ್ರ, ಯಾವ ಕಾಲಂನವು ಅನ್ನುವ ಗುರುತಿನ ಜೊತೆ ಬರೆದಿಟ್ಟುಕೊಂಡರೆ ಸುಮಾರು 64 ಮೆಗಾಬೈಟ್ ಸಾಕು. 8 ಟೆರಾಬೈಟ್ ಎಲ್ಲಿ, 64 ಮೆಗಾಬೈಟ್ ಎಲ್ಲಿ! 'ಸ್ಪಾರ್ಸ್ ಮ್ಯಾಟ್ರಿಕ್ಸ್‌ನಲ್ಲಿ ಸೊನ್ನೆಗಳ ಪ್ರಾಬಲ್ಯವಿರುತ್ತದೆ' ಅಂತ ನೀವು ಬರೆದ ವಾಕ್ಯ ಓದುಗರ ಮೇಲಿಂದ ಹಾದುಹೋಗುತ್ತದೆ. ಈ ಎರಡು ಅಂಕಿ ಹಾಗೆ ಹೋಗುವುದಿಲ್ಲ.

ನಂತರ ನೀವು 'ಗಾಸಿಯನ್ ಎಲಿಮಿನೇಷನ್ ಇಲ್ಲಿ ದುಬಾರಿ' ಅಂತ ಹೇಳಿ ಮುಂದೆ ಹೋಗಿದ್ದೀರಿ. ಸಮೀಕರಣಗಳಿಂದ ಒಂದೊಂದೇ ಬಿಂದುವನ್ನು ತೆಗೆಯುತ್ತಾ ನೇರವಾಗಿ ಬಿಡಿಸುವ ವಿಧಾನ ಅದು. ಯಾಕೆ ದುಬಾರಿ? ದಯವಿಟ್ಟು ಅಲ್ಲಿ ನಿಲ್ಲಿ. ಒಂಬತ್ತೇ ಬಿಂದುಗಳ ಪುಟ್ಟ ತಗಡು ಬರೆದು ತೋರಿಸಿ:

1 2 3
4 5 6
7 8 9

1ನೇ ಬಿಂದುವಿಗೆ ನೆರೆಯವರು 2 ಮತ್ತು 4. ಈ 2 ಮತ್ತು 4ಕ್ಕೆ ಒಂದಕ್ಕೊಂದು ಸಂಬಂಧ ಇಲ್ಲ, ಮ್ಯಾಟ್ರಿಕ್ಸ್‌ನಲ್ಲಿ ಆ ಜಾಗದಲ್ಲಿ ಸೊನ್ನೆ ಇದೆ. ಈಗ 1ನ್ನು ಸಮೀಕರಣಗಳಿಂದ ತೆಗೆದುಹಾಕಿ. 2ರ ಸಮೀಕರಣದಲ್ಲಿ 4 ಬಂದು ಕೂರುತ್ತದೆ, 4ರದ್ದರಲ್ಲಿ 2. ಸೊನ್ನೆ ಇದ್ದ ಜಾಗದಲ್ಲಿ ಹೊಸ ಸಂಖ್ಯೆ ಹುಟ್ಟಿತು. ಮುಂದೆ 2ನ್ನು ತೆಗೆದರೆ 3ಕ್ಕೆ 4 ಮತ್ತು 5 ಎರಡೂ ಗಂಟುಬೀಳುತ್ತವೆ. ಹೀಗೆ ಸಾಲಾಗಿ ತೆಗೆಯುತ್ತಾ ಹೋದರೆ ನಮ್ಮ ದೊಡ್ಡ ತಗಡಿನಲ್ಲಿ 50 ಲಕ್ಷದಷ್ಟಿದ್ದ ಸಂಖ್ಯೆಗಳು ಸುಮಾರು 100 ಕೋಟಿಗೆ ಏರುತ್ತವೆ. 64 ಮೆಗಾಬೈಟ್‌ನ ಮ್ಯಾಟ್ರಿಕ್ಸ್ 8 ಗಿಗಾಬೈಟ್ ನುಂಗುತ್ತದೆ. ಇದೇ ಫಿಲ್-ಇನ್. ನೀವು ಈ ಪದವನ್ನು ನಾಲ್ಕು ಕಡೆ ಬಳಸಿದ್ದೀರಿ, ಒಂದು ಕಡೆಯೂ ಅದು ನಡೆಯುವುದನ್ನು ತೋರಿಸಿಲ್ಲ.

ಇದನ್ನು ತೋರಿಸಿದರೆ ಮುಂದಿನ ದಾರಿ ತಾನಾಗೇ ತೆರೆದುಕೊಳ್ಳುತ್ತದೆ. 1973ರಲ್ಲಿ ಅಲನ್ ಜಾರ್ಜ್ ಹೇಳಿದ ಉಪಾಯ ಇದು: ನಡುವಿನ ಗೆರೆಯ ಬಿಂದುಗಳನ್ನು ಕೊನೆಗೆ ಇಟ್ಟುಕೊಳ್ಳಿ. ನಮ್ಮ ಪುಟ್ಟ ತಗಡಿನಲ್ಲಿ 2, 5, 8. ಆಗ ಎಡಗಡೆಯ 1, 4, 7ಕ್ಕೂ ಬಲಗಡೆಯ 3, 6, 9ಕ್ಕೂ ಯಾವ ಮಾತುಕತೆಯೂ ಬೇಕಿಲ್ಲ. ಪ್ರತಿ ಹೋಳನ್ನೂ ಮತ್ತೆ ಹೀಗೇ ನಡುವೆ ಸೀಳುತ್ತಾ ಹೋಗಿ. ದೊಡ್ಡ ತಗಡಿನಲ್ಲಿ 100 ಕೋಟಿ ಆಗುತ್ತಿದ್ದದ್ದು ಕೆಲವೇ ಕೋಟಿಗೆ ಇಳಿಯುತ್ತದೆ. ಇನ್ನೂ ದೊಡ್ಡ ಲಾಭ ಅಂದರೆ ಎಡ ಹೋಳನ್ನು ಒಂದು ಪ್ರೊಸೆಸರ್‌ಗೆ, ಬಲ ಹೋಳನ್ನು ಇನ್ನೊಂದಕ್ಕೆ ಕೊಡಬಹುದು. ಮೆಮೊರಿ ಉಳಿಸಲು ಹಾಕಿದ ಗೆರೆಯೇ ಕೆಲಸ ಹಂಚುವ ಗೆರೆಯೂ ಆಯಿತು. ನನಗೆ ಈ ಇಡೀ ವಿಷಯದಲ್ಲಿ ಅತ್ಯಂತ ಚೆಂದ ಕಾಣುವುದು ಇದೇ. ಇದಕ್ಕೆ ನೆಸ್ಟೆಡ್ ಡಿಸೆಕ್ಷನ್ ಅಂತಾರೆ. ನಿಮ್ಮ ಲೇಖನದಲ್ಲಿ ಆ ಹೆಸರು ಮಾತ್ರ ಇದೆ.

ತಗಡಿನ ಬದಲು ದಪ್ಪ ಲೋಹದ ಗಟ್ಟಿ ತಗೊಂಡರೆ ಏನಾಗುತ್ತದೆ ಅನ್ನುವುದನ್ನೂ ಸೇರಿಸಿ. ಮೂರೂ ದಿಕ್ಕಿಗೆ ಸಾವಿರ ಬಿಂದು ಇಟ್ಟರೆ ನಡುವೆ ಸೀಳುವುದು ಗೆರೆಯಲ್ಲ, 10 ಲಕ್ಷ ಬಿಂದುಗಳ ಒಂದು ಇಡೀ ಹಾಳೆ. ಕೊನೆಗೆ ಆ ಹಾಳೆಯ ಬಿಂದುಗಳೆಲ್ಲ ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮತ್ತೆ ಅದೇ 8 ಟೆರಾಬೈಟ್‌ನ ಮ್ಯಾಟ್ರಿಕ್ಸ್, ಸಿಮೆಟ್ರಿಕ್, ಅಂದರೆ ಎರಡು ಅರ್ಧವೂ ಒಂದೇ, ಅಂತ ಅರ್ಧ ಬಿಟ್ಟರೂ 4 ಟೆರಾಬೈಟ್! ಸುತ್ತುಸುತ್ತಾಗಿ ಉತ್ತರಕ್ಕೆ ಹತ್ತಿರವಾಗುವ ಇಟರೇಟಿವ್ ವಿಧಾನಗಳು ಯಾಕೆ ಬೇಕು ಅನ್ನುವ ಪ್ರಶ್ನೆಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಇಟರೇಟಿವ್ ಭಾಗದಲ್ಲಿ ಮದುವೆ ಮನೆ ಅಡುಗೆಯ ಹೋಲಿಕೆ ಕೊಟ್ಟಿದ್ದೀರಿ. ಹತ್ತು ಜನ ಕೂತು ತರಕಾರಿ ಹೆಚ್ಚಿದರೆ ಕೆಲಸ ಬೇಗ ಆಗುತ್ತದೆ ಅಂತ. ಆ ಹೋಲಿಕೆ ಓದುಗರನ್ನು ದಾರಿ ತಪ್ಪಿಸುತ್ತದೆ. ತರಕಾರಿ ಹೆಚ್ಚುವವರು ಪಕ್ಕದವರನ್ನು ಏನೂ ಕೇಳಬೇಕಿಲ್ಲ. ಇಲ್ಲಿ ಪ್ರತಿ ಸುತ್ತಿನಲ್ಲೂ ಕೇಳಲೇಬೇಕು.

ಹೋಲಿಕೆಯ ಬದಲು ಲೆಕ್ಕ ಕೊಡಿ. ತಗಡನ್ನು 8×8 ಚೌಕಗಳಾಗಿ ಮಾಡಿ 64 ಕೋರ್‌ಗಳಿಗೆ ಹಂಚಿದರೆ ಒಂದೊಂದರ ಪಾಲಿಗೆ 125×125, ಅಂದರೆ 15,625 ಬಿಂದುಗಳು ಬರುತ್ತವೆ. ನಾಲ್ಕು ಬದಿಯ ನೆರೆಯವರಿಂದ ತರಿಸಿಕೊಳ್ಳಬೇಕಾದ ಸಂಖ್ಯೆಗಳು 500. ಅದೇ ತಗಡನ್ನು 64 ಉದ್ದ ಪಟ್ಟಿಗಳಾಗಿ ಕತ್ತರಿಸಿದರೆ? ಕೆಲಸ ಅಷ್ಟೇ, ಆದರೆ ತರಿಸಿಕೊಳ್ಳಬೇಕಾದ್ದು 2000. ಹೇಗೆ ಕತ್ತರಿಸುತ್ತೀರಿ ಅನ್ನುವುದರ ಮೇಲೇ ಮಾತುಕತೆಯ ಖರ್ಚು ನಿಂತಿದೆ. ತಗಡು ಚೌಕವಾಗಿದ್ದರೆ ಇದು ಸುಲಭ. ವಿಮಾನದ ರೆಕ್ಕೆಯ ಸುತ್ತ ಹರಡಿದ ಬಿಂದುಗಳ ಅಡ್ಡಾದಿಡ್ಡಿ ಬಲೆಯನ್ನು ಹೀಗೆ ಕತ್ತರಿಸಲು ಮೆಟಿಸ್‌ನಂಥ ತಂತ್ರಾಂಶವೇ ಬೇಕು.

ನೆರೆಯವರ ಜೊತೆಗಿನ ಮಾತು ಇಷ್ಟಾದರೆ, ಎಲ್ಲರೂ ಒಟ್ಟಿಗೆ ಆಡಬೇಕಾದ ಮಾತು ಬೇರೆ ಇದೆ. 1952ರಲ್ಲಿ ಹೆಸ್ಟೆನೆಸ್ ಮತ್ತು ಸ್ಟೀಫೆಲ್ ಪ್ರಕಟಿಸಿದ ಕಾಂಜುಗೇಟ್ ಗ್ರೇಡಿಯಂಟ್ ಎಂಬ ಇಟರೇಟಿವ್ ವಿಧಾನವನ್ನು ನೀವು ಹೊಗಳಿದ್ದೀರಿ, ಸರಿಯಾಗೇ ಹೊಗಳಿದ್ದೀರಿ. ಆದರೆ ಅದರ ಪ್ರತಿ ಸುತ್ತಿನಲ್ಲಿ ಎರಡು ಡಾಟ್ ಪ್ರಾಡಕ್ಟ್ ಇವೆ, ಅಂದರೆ ಎರಡು ಪಟ್ಟಿಗಳ ಸಂಖ್ಯೆಗಳನ್ನು ಜೋಡಿಜೋಡಿಯಾಗಿ ಗುಣಿಸಿ ಎಲ್ಲವನ್ನೂ ಕೂಡುವ ಲೆಕ್ಕ. ಎಲ್ಲ ಕೋರ್‌ಗಳೂ ತಮ್ಮ ಪಾಲಿನ ಮೊತ್ತ ಕೊಟ್ಟು, ಒಟ್ಟು ಮೊತ್ತ ವಾಪಸ್ ಬರುವವರೆಗೆ ಯಾರೂ ಮುಂದೆ ಹೋಗುವಂತಿಲ್ಲ. ಒಂದು ಕೋರ್ ತಡ ಮಾಡಿದರೆ 63 ಕೋರ್ ಸುಮ್ನೆ ಕಾಯುತ್ತವೆ. ಕೋರ್ ಸಾವಿರಾರು ಆದಾಗ ಈ ಕಾಯುವಿಕೆಯೇ ದೊಡ್ಡ ಖರ್ಚು.

ಹಾಗಾಗಿ 'ಕೋರ್‌ಗಳು ಹೆಚ್ಚಾದಷ್ಟೂ ವೇಗ ಹೆಚ್ಚುತ್ತದೆ' ಅನ್ನುವ ವಾಕ್ಯವನ್ನು ಹೊಡೆದುಹಾಕಿದ್ದೇನೆ. ಮಾತುಕತೆ ಬಿಟ್ಟರೂ ಇನ್ನೊಂದು ಕಾರಣ ಇದೆ. ಮ್ಯಾಟ್ರಿಕ್ಸ್‌ನ ಒಂದು ಸಂಖ್ಯೆಯನ್ನು ಮೆಮೊರಿಯಿಂದ ತರಲು 8 ಬೈಟ್, ಅದರ ಕಾಲಂ ಗುರುತಿಗೆ 4 ಬೈಟ್. ಈ 12 ಬೈಟ್ ತಂದು ಮಾಡುವ ಕೆಲಸ ಒಂದು ಗುಣಾಕಾರ, ಒಂದು ಕೂಡಿಕೆ. ಪ್ರೊಸೆಸರ್ ಎಷ್ಟೇ ಚುರುಕಾಗಿದ್ದರೂ ಸಂಖ್ಯೆ ಬರುವವರೆಗೆ ಕೈಕಟ್ಟಿ ಕೂರಬೇಕು. ಜಪಾನಿನ ಕೋಬೆಯಲ್ಲಿರುವ ಫುಗಾಕು ಯಂತ್ರದ ಉದಾಹರಣೆ ಕೊಡಿ. ಸೊನ್ನೆಗಳಿಲ್ಲದ ಇಡಿಕಿರಿದ ಮ್ಯಾಟ್ರಿಕ್ಸ್ ಬಿಡಿಸುವ ಲಿನ್‌ಪ್ಯಾಕ್ ಪರೀಕ್ಷೆಯಲ್ಲಿ ಅದರ ವೇಗ 442 ಪೆಟಾಫ್ಲಾಪ್ (ಒಂದು ಪೆಟಾಫ್ಲಾಪ್ ಅಂದರೆ ಸೆಕೆಂಡಿಗೆ ಸಾವಿರ ಲಕ್ಷ ಕೋಟಿ ಲೆಕ್ಕ). ನಮ್ಮ ತಗಡಿನಂಥ ಸ್ಪಾರ್ಸ್ ಲೆಕ್ಕದ ಎಚ್‌ಪಿಸಿಜಿ ಪರೀಕ್ಷೆಯಲ್ಲಿ 16. ಅದೇ ಯಂತ್ರ, ನೂರಕ್ಕೆ ನಾಲ್ಕೂ ದಕ್ಕಲಿಲ್ಲ.

ಈಗ ಪ್ರೀಕಂಡಿಷನರ್, ಅಂದರೆ ಸುತ್ತುಗಳು ಕಡಿಮೆ ಆಗುವಂತೆ ಸಮೀಕರಣಗಳನ್ನು ಹದಮಾಡುವ ಹೆಜ್ಜೆ. ಇದಕ್ಕೆ ಒಂದೇ ಪ್ಯಾರಾ ಕೊಟ್ಟಿದ್ದೀರಿ, ಅದರಲ್ಲೂ 'ಇದೊಂದು ಗಣಿತೀಯ ತಂತ್ರ' ಅಂತ ಮುಗಿಸಿದ್ದೀರಿ. ಹೊಸ ರೂಪದಲ್ಲಿ ಅತಿ ಜಾಸ್ತಿ ಜಾಗ ಇದಕ್ಕೇ ಹೋಗಲಿ. ಯಾಕೆ ಅಂದರೆ, ಒಂದು ಸುತ್ತಿನಲ್ಲಿ ಸುದ್ದಿ ಒಂದು ಬಿಂದುವಿನಿಂದ ಪಕ್ಕದ ಬಿಂದುವಿಗೆ ಮಾತ್ರ ಹೋಗುತ್ತದೆ. ಎಡ ಅಂಚು ಬಿಸಿಯಾಗಿದೆ ಅನ್ನುವುದು ಬಲ ಅಂಚಿನ ಪಕ್ಕದ ಬಿಂದುವಿಗೆ ಗೊತ್ತಾಗಲು ಕಡಿಮೆ ಅಂದರೂ ಸುಮಾರು 1000 ಸುತ್ತು ಬೇಕು. ಬಿಂದುಗಳನ್ನು ಎರಡೂ ಬದಿಗೆ ದುಪ್ಪಟ್ಟು ಮಾಡಿದರೆ ಸುತ್ತುಗಳೂ ಹೆಚ್ಚುಕಡಿಮೆ ದುಪ್ಪಟ್ಟು. ಎಷ್ಟು ಕೋರ್ ಸುರಿದರೂ ಈ ಸುತ್ತುಗಳು ಕಡಿಮೆ ಆಗುವುದಿಲ್ಲ.

ಇದಕ್ಕೆ ಮದ್ದು ಮಲ್ಟಿಗ್ರಿಡ್. 1960ರ ದಶಕದ ಮೊದಲ ವರ್ಷಗಳಲ್ಲಿ ಸೋವಿಯತ್ ಒಕ್ಕೂಟದ ಫೆಡೊರೆಂಕೊ ಬರೆದದ್ದು, 70ರ ದಶಕದಲ್ಲಿ ಇಸ್ರೇಲಿನ ಆಚಿ ಬ್ರಾಂಟ್ ಬೆಳೆಸಿದ್ದು. 1000ದ ಬಲೆಯ ಮೇಲೆ 500ರದ್ದು, ಅದರ ಮೇಲೆ 250ರದ್ದು, ಹೀಗೆ ಒಂದಕ್ಕಿಂತ ಒಂದು ಒರಟಾದ ಬಲೆಗಳನ್ನು ಇಡುತ್ತಾ ಹೋಗುವುದು. ಒರಟು ಬಲೆಯಲ್ಲಿ ಒಂದು ಹೆಜ್ಜೆ ಅಂದರೆ ತಗಡಿನ ಮೇಲೆ ಬಲು ದೂರ. ಈ ಬಲೆಗಳನ್ನೆಲ್ಲ ಸೇರಿಸಿದರೂ ಮೊದಲನೆಯದರ ಮೂರನೇ ಒಂದು ಭಾಗದಷ್ಟೇ ಹೆಚ್ಚುವರಿ ಬಿಂದುಗಳು. ಬಲೆ ಎಷ್ಟೇ ದೊಡ್ಡದಾದರೂ ಸುತ್ತುಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಂತ ಇಲ್ಲೂ ಕಷ್ಟ ತಪ್ಪಲಿಲ್ಲ. ಬಲೆ 8×8ಕ್ಕೆ ಇಳಿದಾಗ 64 ಕೋರ್‌ಗಳ ಕೈಯಲ್ಲಿ ಒಂದೊಂದೇ ಬಿಂದು. ಲೆಕ್ಕ ಏನೂ ಇಲ್ಲ, ಬರೀ ಮಾತುಕತೆ. ಒಳ್ಳೆಯ ವಿಧಾನ ಮತ್ತು ಕೋರ್‌ಗಳ ಸಂಖ್ಯೆ ಹೀಗೆ ಎದುರುಬದುರಾಗುವ ಜಾಗವನ್ನು ನೀವು ಬಿಡಬಾರದಿತ್ತು.

ನಿಮ್ಮ ಕೋಷ್ಟಕಕ್ಕೆ ಬರುತ್ತೇನೆ. '64 ಕೋರ್‌ಗಳಲ್ಲಿ 50 ಪಟ್ಟು ವೇಗ' ಅಂತ ಹೆಮ್ಮೆಯಿಂದ ಬರೆದಿದ್ದೀರಿ. ಪೆಟ್‌ಎಸ್‌ಸಿ ತಂತ್ರಾಂಶವನ್ನು ಯಾವ ಆಯ್ಕೆಯನ್ನೂ ಬದಲಿಸದೆ ಓಡಿಸಿದೆ ಅಂತಲೂ ಹೇಳಿದ್ದೀರಿ. ಹಾಗಿದ್ದರೆ ಅದು ಓಡಿಸಿದ್ದು ಜಿಎಮ್‌ಆರ್‌ಇಎಸ್ ಅನ್ನುವ ಇನ್ನೊಂದು ಇಟರೇಟಿವ್ ವಿಧಾನ. ನಿಮ್ಮ ಮ್ಯಾಟ್ರಿಕ್ಸ್‌ಗೆ ಹೇಳಿ ಮಾಡಿಸಿದ್ದು ಕಾಂಜುಗೇಟ್ ಗ್ರೇಡಿಯಂಟ್, ನೀವು ಹೊಗಳಿದ್ದೂ ಅದನ್ನೇ, ಓಡಿದ್ದು ಬೇರೆ. ಜೊತೆಗೆ ಒಂದು ಕೋರ್ ಇದ್ದಾಗ ಇಡೀ ಮ್ಯಾಟ್ರಿಕ್ಸ್‌ಗೆ ಒಂದೇ ಐಎಲ್‌ಯು ಪ್ರೀಕಂಡಿಷನರ್ (ಫಿಲ್-ಇನ್ ಬಿಟ್ಟು ಮಾಡುವ ಅರೆಬರೆ ಎಲಿಮಿನೇಷನ್) ಇರುತ್ತದೆ, 64 ಇದ್ದಾಗ 64 ತುಂಡುಗಳಿಗೆ ಬೇರೆಬೇರೆ. ತುಂಡು ಹೆಚ್ಚಿದಷ್ಟೂ ಸಾಮಾನ್ಯವಾಗಿ ಸುತ್ತುಗಳು ಹೆಚ್ಚುತ್ತವೆ. ಅಂದರೆ ಕೋಷ್ಟಕದ ಎರಡು ಸಾಲುಗಳಲ್ಲಿ ಓಡಿದ್ದು ಒಂದೇ ವಿಧಾನ ಅಲ್ಲ. ಪ್ರತಿ ಸಾಲಿನಲ್ಲೂ ಸಮಯದ ಪಕ್ಕದಲ್ಲಿ ಸುತ್ತುಗಳ ಸಂಖ್ಯೆ ಬರೆಯಿರಿ. 64 ಕೋರ್ ಒಂದೇ ನೋಡ್‌ನವೋ (ನೋಡ್ ಅಂದರೆ ಜಾಲದಲ್ಲಿ ಜೋಡಿಸಿದ ಒಂದೊಂದು ಕಂಪ್ಯೂಟರ್) ಹಲವು ನೋಡ್‌ಗಳವೋ ಅದನ್ನೂ ಬರೆಯಿರಿ. 64 ಮೆಗಾಬೈಟ್‌ನ್ನು 64 ಪಾಲು ಮಾಡಿದರೆ ತಲಾ 1 ಮೆಗಾಬೈಟ್ ಆಯಿತು, ಅಲ್ವಾ? ಅದು ಕೋರ್‌ನ ಕ್ಯಾಶ್‌ನಲ್ಲೇ, ಅಂದರೆ ಪಕ್ಕದಲ್ಲೇ ಇರುವ ಪುಟ್ಟ ಚುರುಕು ಮೆಮೊರಿಯಲ್ಲೇ, ಕೂತುಬಿಡಬಹುದು. ಆಗ ನಿಮ್ಮ 50 ಪಟ್ಟಿನಲ್ಲಿ ಕ್ಯಾಶ್‌ನ ಪಾಲು ಎಷ್ಟು ಅಂತ ಕೇಳಬೇಕಾಗುತ್ತದೆ. ದೊಡ್ಡ ಬಲೆಯೊಂದನ್ನೂ ಓಡಿಸಿ ನೋಡಿ.

'ಐದು ಅಂಕಿಗಳ ನಿಖರತೆ ಸಿಕ್ಕಿತು' ಅನ್ನುವುದು ತಪ್ಪು. ರೆಸಿಡ್ಯುಯಲ್, ಅಂದರೆ ಸಮೀಕರಣಗಳ ಎರಡು ಬದಿಗಳ ನಡುವೆ ಉಳಿದ ವ್ಯತ್ಯಾಸ, ಲಕ್ಷದಲ್ಲಿ ಒಂದು ಪಾಲಿಗೆ ಇಳಿದಾಗ ತಂತ್ರಾಂಶ ನಿಂತಿದೆ, ಅಷ್ಟೇ. ಸಮೀಕರಣ ಎಷ್ಟು ಸರಿಹೊಂದಿತು ಅನ್ನುವುದು ಬೇರೆ, ಉತ್ತರ ಎಷ್ಟು ಸರಿ ಅನ್ನುವುದು ಬೇರೆ. ಸಮೀಕರಣದಲ್ಲಿ ಉಳಿದ ತಪ್ಪು ಉತ್ತರದಲ್ಲಿ ಹೆಚ್ಚೆಂದರೆ ಎಷ್ಟು ಪಟ್ಟು ಬೆಳೆಯಬಹುದು ಅನ್ನುವುದನ್ನು ಹೇಳುವ ಕಂಡಿಷನ್ ನಂಬರ್ ಈ ಮ್ಯಾಟ್ರಿಕ್ಸ್‌ಗೆ ಸುಮಾರು 4 ಲಕ್ಷ. ಪ್ರೀಕಂಡಿಷನರ್ ಅದನ್ನು ಇಳಿಸುತ್ತದೆ ನಿಜ, ಆದರೂ ಐದು ಅಂಕಿಗೆ ಖಾತ್ರಿ ಕೊಡುವಷ್ಟಲ್ಲ. ಪರೀಕ್ಷಿಸುವ ದಾರಿ ಸುಲಭ. ಉತ್ತರವನ್ನು ಮೊದಲೇ ನೀವೇ ಆರಿಸಿ, ಮ್ಯಾಟ್ರಿಕ್ಸ್‌ನಿಂದ ಗುಣಿಸಿ ಸಮೀಕರಣಗಳ ಬಲಗಡೆಯನ್ನು ತಯಾರಿಸಿ, ಆಮೇಲೆ ಬಿಡಿಸಿ ಹೋಲಿಸಿ. ಸೈನ್ ಅಲೆಯನ್ನು ಮಾತ್ರ ಆರಿಸಬೇಡಿ. ಅದು ಈ ಮ್ಯಾಟ್ರಿಕ್ಸ್‌ನ ಐಗನ್‌ವೆಕ್ಟರ್, ಮ್ಯಾಟ್ರಿಕ್ಸ್‌ನಿಂದ ಗುಣಿಸಿದರೂ ಅಲೆಯ ಆಕಾರ ಬದಲಾಗುವುದಿಲ್ಲ. ಪ್ರೀಕಂಡಿಷನರ್ ಇಲ್ಲದ ಕಾಂಜುಗೇಟ್ ಗ್ರೇಡಿಯಂಟ್ ಒಂದೇ ಸುತ್ತಿಗೆ ಮುಗಿಸಿ ನಿಮ್ಮನ್ನು ಏಮಾರಿಸುತ್ತದೆ.

ಕೊನೆಯ ಭಾಗದ ತಂತ್ರಾಂಶಗಳ ಪಟ್ಟಿ ಕ್ಯಾಟಲಾಗ್ ಥರ ಇದೆ. ಎರಡನ್ನು ಇಟ್ಟುಕೊಳ್ಳಿ: ನೇರವಾಗಿ ಬಿಡಿಸುವುದಕ್ಕೆ ಫ್ರಾನ್ಸ್‌ನಲ್ಲಿ ಬೆಳೆದ ಮಂಪ್ಸ್, ಇಟರೇಟಿವ್‌ಗೆ ಅಮೆರಿಕದ ಆರ್ಗಾನ್ ಪ್ರಯೋಗಾಲಯದ ಪೆಟ್‌ಎಸ್‌ಸಿ. ಅದೇ ಮ್ಯಾಟ್ರಿಕ್ಸ್, ಬಲಗಡೆ ಮಾತ್ರ ನೂರಾರು ಸಲ ಬದಲಾಗುತ್ತದೆ ಅಂದರೆ ಮೊದಲನೆಯದು ಯಾಕೆ ಗೆಲ್ಲುತ್ತದೆ ಅಂತ ಹೇಳಿದರೆ ಸಾಕು.

'ಭಾರತದಲ್ಲಿ ಈ ಕ್ಷೇತ್ರ ಇನ್ನೂ ಶೈಶವದಲ್ಲಿದೆ' ಅನ್ನುವುದನ್ನೂ ತೆಗೆಯಿರಿ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ ಗಾಳಿಯ ಹರಿವಿನ ಸಮೀಕರಣ ಬಿಡಿಸಲೆಂದೇ ಫ್ಲೋಸಾಲ್ವರ್ ಅನ್ನುವ ಪ್ಯಾರಲಲ್ ಕಂಪ್ಯೂಟರ್ ಕಟ್ಟಿದ್ದು 1986ರಲ್ಲಿ. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಪರಮ್ 8000 ಸೂಪರ್‌ಕಂಪ್ಯೂಟರ್ ಬಂದದ್ದು 1991ರಲ್ಲಿ. ನಿಮ್ಮ ಓದುಗರಲ್ಲಿ ಆ ತಲೆಮಾರಿನವರೂ ಇರುತ್ತಾರೆ.

ಹೊಸ ಕರಡು ಕಳಿಸುವಾಗ ಒಂಬತ್ತು ಬಿಂದುಗಳ ಚಿತ್ರವನ್ನು ಕೈಯಲ್ಲೇ ಬರೆದು ಕಳಿಸಿ, ನಮ್ಮ ಕಲಾವಿದರು ತಿದ್ದಿಕೊಳ್ಳುತ್ತಾರೆ. ಕೋಷ್ಟಕದ ಜೊತೆ ಪ್ರತಿ ಓಟದ ಲಾಗ್ ಫೈಲ್ ಕೂಡ ಇರಲಿ. ಅದನ್ನು ನೋಡಿಯೇ ಅಂಕಿಗಳನ್ನು ಅಚ್ಚಿಗೆ ಬಿಡುತ್ತೇನೆ.