ಜಾಹೀರಾತು ನಿಂತರೆ ಆರ್ಡರೂ ನಿಲ್ಲುತ್ತವೆ, ಏನು ಮಾಡಲಿ?

ಪ್ರಶ್ನೆ: ನಮಸ್ಕಾರ ಸರ್. ಮನೆಯಲ್ಲೇ ಮಾಡಿದ ಬ್ಯಾಡಗಿ ಖಾರಪುಡಿ, ಮಸಾಲೆ ಖಾರ, ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ) ಆನ್‌ಲೈನ್‌ನಲ್ಲಿ ಮಾರುತ್ತೇನೆ. ಇನ್‌ಸ್ಟಾಗ್ರಾಂ ಜಾಹೀರಾತಿಗೆ ದುಡ್ಡು ಹಾಕಿದಾಗ ಆರ್ಡರ್ ಬರುತ್ತವೆ, ಬಿಟ್ಟ ಕೂಡಲೇ ನಿಲ್ಲುತ್ತವೆ. 30 ದಿನದಲ್ಲಿ ಗೂಗಲ್‌ನಲ್ಲಿ ಮೊದಲ ಸ್ಥಾನಕ್ಕೆ ತರುತ್ತೇವೆ ಅಂತ ಒಬ್ಬರು ದಿನಾ ಫೋನ್ ಮಾಡ್ತಿದ್ದಾರೆ. ಅವರಿಗೆ ಕೆಲಸ ಕೊಡಲಾ? – ಹಾವೇರಿಯ ಓದುಗರು

ಉತ್ತರ: ಬೇಡ ಅಕ್ಕಾ. ಮೊದಲ ಸ್ಥಾನದ ಗ್ಯಾರಂಟಿ ಯಾರಿಂದಲೂ ಆಗದು ಅಂತ ಗೂಗಲ್‌ನವರೇ ಹೇಳಿದ್ದಾರೆ. ಮಾಡಿದ ಕೆಲಸದ ಫಲ ಕಾಣೋಕೆ ಸಾಮಾನ್ಯವಾಗಿ 4 ತಿಂಗಳಿಂದ 1 ವರ್ಷ ಬೇಕು ಅನ್ನುವುದೂ ಅವರದೇ ಮಾತು. ಆ ದುಡ್ಡು ಉಳಿಸಿ.

ನೀವು ಕಳಿಸಿದ ಲಿಂಕ್ ತೆರೆದು ನೋಡಿದೆ. ಖಾರಪುಡಿಯ ಪುಟದಲ್ಲಿ ಇರೋದು ಎರಡೇ ಸಾಲು, 'ಪ್ರೀಮಿಯಂ ಕ್ವಾಲಿಟಿ, 100% ಶುದ್ಧ'. ಇದೇ ಮಾತು ಎಲ್ಲರ ಅಂಗಡಿಯಲ್ಲೂ ಇದೆ, ಹಾಗಿದ್ದ ಮೇಲೆ ಗೂಗಲ್ ನಿಮ್ಮದನ್ನೇ ಯಾಕೆ ತೋರಿಸಬೇಕು? ಗಿರಾಕಿಗಳು ಫೋನಿನಲ್ಲಿ ನಿಮ್ಮನ್ನು ಏನು ಕೇಳುತ್ತಾರೆ ನೆನಪು ಮಾಡಿಕೊಳ್ಳಿ. ಬ್ಯಾಡಗಿಯ ಎರಡು ಬಗೆಯಲ್ಲಿ ಇದು ಡಬ್ಬಿಯೋ ಕಡ್ಡಿಯೋ, ಬಣ್ಣ ಇಷ್ಟು ಕೆಂಪಗಿದೆಯಲ್ಲ ಏನಾದರೂ ಬೆರೆಸಿದ್ದೀರಾ, ಗುಂಟೂರು ಮೆಣಸಿನಕಾಯಿಗಿಂತ ಖಾರ ಕಡಿಮೆಯಾ, ತೊಟ್ಟು ಬಿಡಿಸಿ ಕುಟ್ಟಿಸಿದ್ದಾ, ಎಷ್ಟು ತಿಂಗಳು ಇಡಬಹುದು. ಇವೇ ಪ್ರಶ್ನೆಗಳನ್ನು ಜನ ಗೂಗಲ್‌ನಲ್ಲೂ ಕೇಳುತ್ತಾರೆ. ಫೋನಿನಲ್ಲಿ ಹೇಳುವ ಉತ್ತರವನ್ನೇ ಪುಟದಲ್ಲಿ ಬರೆಯಿರಿ. ಡಬ್ಬಿ ಗಿಡ್ಡ, ದಪ್ಪ, ಬೀಜ ಜಾಸ್ತಿ. ಕಡ್ಡಿ ಉದ್ದ, ತೆಳು, ಬೀಜ ಕಡಿಮೆ. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ಫೋಟೋ ಹಾಕಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಜಿಐ ಟ್ಯಾಗ್ (ಇದು ಇಂಥ ಊರಿನದೇ ಅನ್ನುವ ಸರ್ಕಾರಿ ಗುರುತು) ಸಿಕ್ಕಿದೆ, ಆದರೆ ಹೊರರಾಜ್ಯದ ಎಷ್ಟೋ ಮಂದಿಗೆ ಅದು ಯಾವ ಊರಿನದು ಅಂತಲೂ ಗೊತ್ತಿಲ್ಲ. ಅದನ್ನು ನಿಮ್ಮಷ್ಟು ಚೆನ್ನಾಗಿ ಯಾರು ಹೇಳುತ್ತಾರೆ, ಬ್ಯಾಡಗಿ ಮಾರ್ಕೆಟ್ ನಿಮ್ಮ ಜಿಲ್ಲೆಯಲ್ಲೇ ಇದೆ ಅಲ್ವಾ?

ಆಮೇಲೆ ಗೂಗಲ್ ಸರ್ಚ್ ಕನ್ಸೋಲ್‌ಗೆ ನಿಮ್ಮ ಸೈಟ್ ಸೇರಿಸಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಜನ ಏನು ಟೈಪ್ ಮಾಡಿದಾಗ ನಿಮ್ಮ ಪುಟ ಕಂಡಿತು, ಎಷ್ಟು ಮಂದಿ ಒತ್ತಿದರು, ಸರಾಸರಿ ಎಷ್ಟನೇ ಸ್ಥಾನ, ಎಲ್ಲ ಅಲ್ಲಿ ಸಿಗುತ್ತದೆ. 8ರಿಂದ 20ನೇ ಸ್ಥಾನದ ನಡುವೆ ಇರುವ ಹುಡುಕಾಟಗಳನ್ನು ಮೊದಲು ಹಿಡಿಯಿರಿ, ಸ್ವಲ್ಪ ತಿದ್ದಿದರೆ ಮೇಲೆ ಬರುವ ಸಾಧ್ಯತೆ ಇರೋದು ಅವಕ್ಕೇ. ಕಂಡರೂ ಯಾರೂ ಒತ್ತುತ್ತಿಲ್ಲ ಅಂದರೆ ಪುಟದ ಶೀರ್ಷಿಕೆ ಬದಲಿಸಿ ನೋಡಿ. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡಿ ಹುಡುಕುವವರೂ ಸಿಗುತ್ತಾರೆ, ಅವರು ಬರೆಯುವ ರೀತಿಯನ್ನೂ ಗಮನಿಸಿ.

ಸುಗ್ಗಿ ಮರೆಯಬೇಡಿ. ಹೊಸ ಮೆಣಸಿನಕಾಯಿ ಜನವರಿಯಿಂದ ಜೋರಾಗಿ ಬರುತ್ತದೆ, ಬೇಸಿಗೆಯಲ್ಲಿ ಮನೆಮನೆಯಲ್ಲಿ ವರ್ಷದ ಖಾರ ಕುಟ್ಟಿಸುತ್ತಾರೆ. ಆಗ ಹೊಸ ಖಾರದ ಪುಟ ಮಾಡಿದರೆ ತಡವಾಯಿತು. ನವೆಂಬರ್‌ನಲ್ಲೇ ಹಾಕಿಡಿ, ಮುಂದಿನ ವರ್ಷವೂ ಅದೇ ವಿಳಾಸದ ಪುಟವನ್ನೇ ತಿದ್ದಿ ಬಳಸಿ.

ಫೋನಿನಲ್ಲಿ ತೆಗೆದ ಫೋಟೋ ಹಾಗೇ ಹಾಕಿದ್ದೀರಿ, ಪುಟ ತೆರೆಯೋಕೆ ಬಹಳ ಹೊತ್ತು ಹಿಡಿಯುತ್ತದೆ. ಅವುಗಳ ಸೈಜ್ ಇಳಿಸಿ. ಗೂಗಲ್‌ನಲ್ಲಿ ಮೇಲೆ ಬರೋಕೆ ಅಂತ ದುಡ್ಡು ಕೊಟ್ಟು ಬೇರೆ ಸೈಟ್‌ಗಳಲ್ಲಿ ನಿಮ್ಮ ಪುಟದ ಲಿಂಕ್ ಮಾತ್ರ ಹಾಕಿಸಬೇಡಿ, ಅದು ಗೂಗಲ್ ನಿಯಮಕ್ಕೆ ವಿರುದ್ಧ.

ಪ್ರಶ್ನೆ: ಕಸೂತಿ ಸೀರೆ ಮಾರುತ್ತೇನೆ. ಒಂದೊಂದು ಸೀರೆಯೂ ಒಂದೇ ಇರೋದು. ಮಾರಿದ ಮೇಲೆ ಆ ಪುಟ ಅಳಿಸುತ್ತಿದ್ದೇನೆ, ಸರಿಯಾ? – ಧಾರವಾಡದ ಓದುಗರು

ಉತ್ತರ: ಅಳಿಸಬೇಡಿ. ಗೂಗಲ್‌ನಲ್ಲಿ ಕಾಣತೊಡಗಿದ ಪುಟವನ್ನು ತೆಗೆದರೆ ಅಲ್ಲಿಗೆ ಬರುವವರು ಖಾಲಿ ಕೈಯಲ್ಲಿ ವಾಪಸ್ ಹೋಗುತ್ತಾರೆ. 'ಮಾರಾಟವಾಗಿದೆ' ಅಂತ ಹಾಕಿ, ಕೆಳಗೆ ಅದೇ ಬಗೆಯ ಬೇರೆ ಸೀರೆಗಳ ಲಿಂಕ್ ಕೊಡಿ. ಜೊತೆಗೆ ಗೋಪುರ, ತೇರು, ಆನೆ, ತುಳಸಿ ವೃಂದಾವನ ಅಂತ ಚಿತ್ತಾರಕ್ಕೊಂದು ಪುಟ ಮಾಡಿ. ಸೀರೆ ಬರುತ್ತವೆ ಹೋಗುತ್ತವೆ, ಈ ಪುಟಗಳು ವರ್ಷಗಟ್ಟಲೆ ಇರುತ್ತವೆ, ಅವಕ್ಕೇ ನಿಧಾನಕ್ಕೆ ಬಲ ಬರುತ್ತದೆ.

ಇನ್ನೊಂದು ಮಾತು, ನಿಮ್ಮ ಫೋಟೋಗಳೆಲ್ಲ ಸೀರೆಯ ಮುಂಬದಿಯವು. ಕಸೂತಿಯ ಗವಂತಿ ಅನ್ನುವ ಹೊಲಿಗೆಯಲ್ಲಿ ಗಂಟೇ ಇಲ್ಲದೆ ಎರಡೂ ಬದಿ ಒಂದೇ ಥರ ಕಾಣುತ್ತದಲ್ಲ, ಮಶಿನ್ ಕೆಲಸದಿಂದ ಅದನ್ನು ಬೇರೆ ಮಾಡಿ ತೋರಿಸೋದು ಅದೇ. ಸೆರಗನ್ನು ಮಗುಚಿ ಹಿಂಬದಿಯ ಫೋಟೋ ಹತ್ತಿರದಿಂದ ತೆಗೆಯಿರಿ, ಕೈಕಸೂತಿ ಗುರುತಿಸುವುದು ಹೇಗೆ ಅಂತ ಅದರ ಕೆಳಗೆ ನಾಲ್ಕು ಸಾಲು ಬರೆಯಿರಿ, ಎಲ್ಲ ಸೀರೆಗಳ ಪುಟದಿಂದಲೂ ಅದಕ್ಕೆ ಲಿಂಕ್ ಕೊಡಿ.