ಕೆಮ್ಮಿನಲ್ಲಿ ರಕ್ತ ಬರುತ್ತದೆಂದು ಶ್ವಾಸಕೋಶದ ರಕ್ತನಾಳ ಮುಚ್ಚಿದರೆ ಉಸಿರಾಟಕ್ಕೆ ತೊಂದರೆ ಆಗುವುದಿಲ್ಲವೇ?

ನಿಮ್ಮ ತಂದೆಗೆ ಹಿಂದೆ ಟಿಬಿ ಆಗಿತ್ತು, ಈಗ ಕೆಮ್ಮಿದಾಗ ರಕ್ತ ಬರುತ್ತಿದೆ, ಡಾಕ್ಟರು ರಕ್ತನಾಳ ಮುಚ್ಚಬೇಕು ಅಂದಿದ್ದಾರೆ, ಹಾಗೆ ಮಾಡಿದರೆ ಶ್ವಾಸಕೋಶವೇ ಹಾಳಾಗುವುದಿಲ್ಲವೇ ಎಂದು ಕೇಳಿದ್ದೀರಿ. ನಾನು ಇದೇ ಕೆಲಸ ಮಾಡುವ ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್. ಹಾಳಾಗುವುದಿಲ್ಲ, ಧೈರ್ಯವಾಗಿರಿ.

ಶ್ವಾಸಕೋಶಕ್ಕೆ ಎರಡು ದಾರಿಯಿಂದ ರಕ್ತ ಬರುತ್ತದೆ. ಆಮ್ಲಜನಕ ತುಂಬಿಸಿಕೊಳ್ಳಲು ರಕ್ತ ಬರುವುದು ಪಲ್ಮನರಿ ಆರ್ಟರಿ ಎಂಬ ದೊಡ್ಡ ನಾಳದಲ್ಲಿ. ಸಾಮಾನ್ಯವಾಗಿ ನಾವು ಅದರ ತಂಟೆಗೆ ಹೋಗುವುದಿಲ್ಲ. ನಾವು ಮುಚ್ಚುವುದು ಬ್ರಾಂಕಿಯಲ್ ಆರ್ಟರಿಯನ್ನು. ಇದು ಮಹಾಪಧಮನಿಯಿಂದ ಹೊರಟು ಶ್ವಾಸನಾಳದ ಗೋಡೆಗೆ ರಕ್ತ ಕೊಡುವ ತೆಳ್ಳನೆಯ ನಾಳ. ಶ್ವಾಸಕೋಶದ ಒಟ್ಟು ರಕ್ತದಲ್ಲಿ ಇದರ ಪಾಲು ಶೇ. 1ರ ಆಸುಪಾಸು. ಆದರೆ ಇದರಲ್ಲಿ ಒತ್ತಡ ಜಾಸ್ತಿ. ಟಿಬಿ ವಾಸಿಯಾಗಿ ಕಲೆ ಉಳಿದ ಜಾಗದಲ್ಲಿ ಈ ನಾಳಗಳು ದಪ್ಪಗಾಗಿ, ಸುರುಳಿ ಸುತ್ತಿಕೊಂಡು ಬೆಳೆಯುತ್ತವೆ. ಒಂದು ದಿನ ಒಡೆಯಬಹುದು. ತುಂಬಾ ರಕ್ತ ಬರುವವರಲ್ಲಿ ಸುಮಾರು ಶೇ. 90 ಮಂದಿಗೆ ಮೂಲ ಈ ಬ್ರಾಂಕಿಯಲ್ ನಾಳಗಳೇ.

ಮೊದಲು ಸಿಟಿ ಆಂಜಿಯೋಗ್ರಾಮ್ ಮಾಡಿ ಯಾವ ನಾಳ ಎಂದು ನೋಡುತ್ತೇವೆ. ಆಮೇಲೆ ತೊಡೆಸಂದಿಯಲ್ಲಿ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸಣ್ಣ ಟ್ಯೂಬನ್ನು ಆ ನಾಳದವರೆಗೆ ತಳ್ಳುತ್ತೇವೆ. ಅಲ್ಲಿ ಪಿವಿಎ ಎಂಬ ಪ್ಲಾಸ್ಟಿಕ್‌ನಂಥ ವಸ್ತುವಿನ, ಚಿರೋಟಿ ರವೆಯಷ್ಟು ಸಣ್ಣ ಕಣಗಳನ್ನು ಬಿಡುತ್ತೇವೆ, ಅವು ನಾಳವನ್ನು ಮುಚ್ಚುತ್ತವೆ. ಎದೆ ಕೊಯ್ಯುವುದಿಲ್ಲ, ರೋಗಿ ಎಚ್ಚರವಾಗಿಯೇ ಇರುತ್ತಾರೆ. 1970ರ ದಶಕದಲ್ಲಿ ಫ್ರಾನ್ಸಿನ ರೆಮಿ ಎಂಬ ವೈದ್ಯರು ಈ ದಾರಿ ತೋರಿಸಿದರು.

ಹೆದರಬೇಕಾದ ಅಪಾಯ ಒಂದಿದೆ, ಅದನ್ನು ಮುಚ್ಚಿಡಬಾರದು. ಕೆಲವರಲ್ಲಿ ಬೆನ್ನುಹುರಿಗೆ ರಕ್ತ ಕೊಡುವ ನಾಳವೂ ಇದೇ ಕವಲಿನಿಂದ ಹೊರಡುತ್ತದೆ. ಕಣ ಅಲ್ಲಿಗೆ ಹೋದರೆ ಕಾಲಿನ ಶಕ್ತಿ ಹೋಗಬಹುದು. ಅಪರೂಪ, ಆದರೆ ಆಗುತ್ತದೆ. ಅದಕ್ಕೇ ಕಣ ಬಿಡುವ ಮೊದಲು ಎಕ್ಸ್-ರೇಯಲ್ಲಿ ನಾಳ ಕಾಣುವಂತೆ ಮಾಡುವ ಡೈ ಹಾಕಿ ಪದೇಪದೇ ನೋಡುತ್ತೇವೆ, ಆ ನಾಳವನ್ನು ದಾಟಿ ಮುಂದಕ್ಕೆ ಇನ್ನೂ ಸಣ್ಣ ಟ್ಯೂಬ್ ಒಯ್ಯುತ್ತೇವೆ. ಅದೂ ಆಗದಿದ್ದರೆ ಕಣ ಬಿಡದೆ ನಿಲ್ಲಿಸುತ್ತೇವೆ. ನಿಮ್ಮ ಡಾಕ್ಟರನ್ನು ಇದರ ಬಗ್ಗೆ ನೇರವಾಗಿ ಕೇಳಿ. ಎದೆನೋವು, ಸ್ವಲ್ಪ ಜ್ವರ, ನುಂಗಲು ಕಷ್ಟ, ಇವೆಲ್ಲ ಕೆಲವು ದಿನ ಇದ್ದು ಹೋಗುತ್ತವೆ.

ಬಹುತೇಕರಿಗೆ ರಕ್ತ ಅಂದೇ ನಿಲ್ಲುತ್ತದೆ. ಆದರೆ ರೋಗ ಉಳಿದಿದ್ದರೆ ತಿಂಗಳುಗಳ ನಂತರ ಮತ್ತೆ ಬರಬಹುದು, ಹಳೆಯ ಟಿಬಿ ಗುಳಿಯಲ್ಲಿ ಫಂಗಸ್ ಉಂಡೆ ಕಟ್ಟಿದ್ದರೆ ಇನ್ನೂ ಜಾಸ್ತಿ. ಆಗ ಇದನ್ನೇ ಮತ್ತೆ ಮಾಡಬಹುದು. ನಾಳದ ಬುಡದಲ್ಲಿ ಕಾಯಿಲ್ (ನಾಳ ಮುಚ್ಚುವ ಲೋಹದ ಸುರುಳಿ) ಹಾಕಲು ನಾವು ಹಿಂಜರಿಯುವುದು ಇದಕ್ಕೇ, ಮುಂದಿನ ಸಲ ದಾರಿಯೇ ಇರುವುದಿಲ್ಲ. ಕಫ ಪರೀಕ್ಷೆ ಮಾಡಿಸಿ, ಟಿಬಿ ಮರಳಿದೆಯೇ ಎಂದು ನೋಡಲೇಬೇಕು.

ದಯವಿಟ್ಟು ಸುಮ್ನೆ ದಿನ ತಳ್ಳಬೇಡಿ. ಇಲ್ಲಿ ಜೀವ ಹೋಗುವುದು ಹೆಚ್ಚಾಗಿ ರಕ್ತ ಕಡಿಮೆಯಾಗಿ ಅಲ್ಲ, ಉಸಿರಿನ ದಾರಿಯಲ್ಲಿ ರಕ್ತ ತುಂಬಿ. ಮನೆಯಲ್ಲಿ ಜೋರಾಗಿ ಬಂದರೆ, ರೋಗ ಯಾವ ಬದಿಯೆಂದು ಗೊತ್ತಿದ್ದರೆ ಆ ಬದಿ ಕೆಳಗಾಗುವಂತೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಖರ್ಚಿನ ಚಿಂತೆಯಿದ್ದರೆ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕಂಡು ಆಯುಷ್ಮಾನ್ ಕಾರ್ಡಿನಲ್ಲಿ ಆಗುತ್ತದೆಯೇ ಎಂದು ವಿಚಾರಿಸಿ.